ವೋಲ್ಟಿನ ತೂಕದ ಕಲ್ಲು

ಅಂಗಡಿಯ ತೂಕದ ಕಲ್ಲು ಸವೆದಿದ್ದರೆ ತಕ್ಕಡಿ ಎಷ್ಟು ನೆಟ್ಟಗೆ ನಿಂತರೂ ಲೆಕ್ಕ ತಪ್ಪೇ. ತಕ್ಕಡಿಯನ್ನು ನೋಡಿದರೆ ಆ ತಪ್ಪು ತಿಳಿಯುವುದೂ ಇಲ್ಲ. ಅಂಕಿಗಳಲ್ಲಿ ವೋಲ್ಟು ತೋರಿಸುವ ಮಾಪಕಗಳ ಗತಿಯೂ ಇದೇ. ತನ್ನೊಳಗಿನ ಒಂದು ಸ್ಥಿರ ವೋಲ್ಟಿನೊಡನೆ ಹೋಲಿಸಿಯೇ ಮಾಪಕವು ಉತ್ತರ ಹೇಳುತ್ತದೆ. ಆ ಸ್ಥಿರತೆಯನ್ನು ಸಂಪಾದಿಸಿದ ಕಥೆಯನ್ನು ವಾಚಕರ ಮುಂದಿಡುತ್ತಿದ್ದೇವೆ.

1893ರಲ್ಲಿ ಎಡ್ವರ್ಡ್ ವೆಸ್ಟನ್ ಎಂಬವರು ಪಾದರಸ, ಕ್ಯಾಡ್ಮಿಯಂಗಳನ್ನು ಬಳಸಿ ಒಂದು ಗಾಜಿನ ಕೋಶವನ್ನು ರಚಿಸಿದರು. 20 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಅದು ಕೊಡುತ್ತಿದ್ದುದು 1.0183 ವೋಲ್ಟು. ದಶಕಗಳ ಕಾಲ ಪ್ರಯೋಗಶಾಲೆಗಳಿಗೆ ಅದೇ ಪ್ರಮಾಣ. ಆದರೆ ಬಲು ಮಡಿವಂತ ವಸ್ತು! ಓರೆ ಮಾಡಬಾರದು, ಅಲುಗಿಸಬಾರದು, ಕರೆಂಟನ್ನಂತೂ ಸೆಳೆಯಲೇಬಾರದು.

ಮುಂದೆ ಬಂದುದು ಸಿಲಿಕಾನಿನ ಝೀನರ್ ಡಯೋಡು. ಸುಮಾರು 7 ವೋಲ್ಟಿನ ಡಯೋಡಿನಲ್ಲಿ ಮುಖ್ಯವಾಗಿ ನಡೆಯುವುದು, ಕ್ಲಾರೆನ್ಸ್ ಝೀನರ್ 1934ರಲ್ಲಿ ವಿವರಿಸಿದ ಕ್ರಿಯೆಯಲ್ಲ. ಹಿಮಪಾತದಂತೆ ಇಲೆಕ್ಟ್ರಾನುಗಳು ಒಂದನ್ನೊಂದು ತಳ್ಳಿಕೊಂಡು ನುಗ್ಗುವ ಬೇರೊಂದು ಕ್ರಿಯೆ. ಹೆಸರು ಮಾತ್ರ ಝೀನರರದೇ ಉಳಿಯಿತು.

ನಮಗೆ ಅತ್ಯಂತ ಸೊಗಸಾಗಿ ಕಾಣುವುದು ನ್ಯಾಷನಲ್ ಸೆಮಿಕಂಡಕ್ಟರಿನ ರಾಬರ್ಟ್ ವಿಡ್ಲರ್ ಅವರ ಯುಕ್ತಿ. ಟ್ರಾನ್ಸಿಸ್ಟರಿನ ಬೇಸ್–ಎಮಿಟರ್ ವೋಲ್ಟು ಉಷ್ಣತೆ ಒಂದು ಡಿಗ್ರಿ ಏರಿದಾಗಲೆಲ್ಲ ಸುಮಾರು 2 ಮಿಲಿವೋಲ್ಟು ಇಳಿಯುತ್ತದೆ. ಬೇರೆ ಬೇರೆ ಕರೆಂಟು ಸಾಂದ್ರತೆಯಲ್ಲಿ ದುಡಿಯುವ ಎರಡು ಟ್ರಾನ್ಸಿಸ್ಟರುಗಳ ವೋಲ್ಟಿನ ಅಂತರವಾದರೋ ಉಷ್ಣತೆಯೊಡನೆ ಏರುತ್ತದೆ. ಈ ಏರಿಕೆಯನ್ನು ತಕ್ಕಷ್ಟು ಹಿಗ್ಗಿಸಿ ಆ ಇಳಿಕೆಗೆ ಕೂಡಿಸಿದರೆ ಎರಡು ದೋಷಗಳೂ ಪರಸ್ಪರ ವಜಾ ಆಗಿ, ಸುಮಾರು 1.2 ವೋಲ್ಟು ನಿಶ್ಚಲವಾಗಿ ನಿಲ್ಲುತ್ತದೆ. ಫೇರ್‌ಚೈಲ್ಡಿನ ಡೇವಿಡ್ ಹಿಲ್‌ಬೈಬರ್ 1964ರಲ್ಲಿಯೇ ಈ ದಾರಿಯನ್ನು ತೋರಿಸಿದ್ದರು. ವಿಡ್ಲರ್ ಅದನ್ನು ಮಾರುಕಟ್ಟೆಯ ಚಿಪ್ಪಿಗೆ ಇಳಿಸಿದರು. 1974ರಲ್ಲಿ ಅನಲಾಗ್ ಡಿವೈಸಸ್‌ನ ಪಾಲ್ ಬ್ರೋಕಾ ಇನ್ನೊಂದು ಅಚ್ಚುಕಟ್ಟಾದ ರೂಪವನ್ನು ಕೊಟ್ಟರು.

ಅತಿಸೂಕ್ಷ್ಮ ಅಳತೆಗೆ ಇಷ್ಟೂ ಸಾಲದು. ಸಿಲಿಕಾನಿನ ಮೇಲ್ಮೈಯ ಕಶ್ಮಲಗಳು ಝೀನರನ್ನು ಕೆಡಿಸುತ್ತಿದ್ದವು. ಆದುದರಿಂದ ಅದನ್ನು ಮೇಲ್ಮೈಯ ಕೆಳಗೆ ಹೂತು, ಅದೇ ಚಿಪ್ಪಿನಲ್ಲಿ ಪುಟ್ಟ ಒಲೆಯೊಂದನ್ನು ಇಟ್ಟು, ಸದಾ ಒಂದೇ ಬಿಸಿಯಲ್ಲಿ ಇರಿಸಿದರು. ನ್ಯಾಷನಲ್‌ನಲ್ಲಿ ರಾಬರ್ಟ್ ಡಾಬ್‌ಕಿನ್ ರೂಪಿಸಿದ ಎಲ್‌ಎಂ199 ಈ ಜಾತಿಯದು. ಅವರು 1981ರಲ್ಲಿ ಸಂಗಡಿಗರೊಡನೆ ಲೀನಿಯರ್ ಟೆಕ್ನಾಲಜಿ ಸಂಸ್ಥೆಯನ್ನು ಕಟ್ಟಿದ ಮೇಲೆ ಅಲ್ಲಿಂದ ಎಲ್‌ಟಿಝಡ್1000 ಹೊರಬಂತು.

ಈ ಸಂಸ್ಥೆಗಳ ಹೆಸರಿನ ಹಲಗೆಗಳು ಈಗ ಇಳಿದಿವೆ. ನ್ಯಾಷನಲ್ 2011ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ಗೂ, ಲೀನಿಯರ್ 2017ರಲ್ಲಿ ಅನಲಾಗ್ ಡಿವೈಸಸ್‌ಗೂ ಸೇರಿಹೋದವು. ವೋಲ್ಟಿನ ಪರಮ ಪ್ರಮಾಣವೂ ಬೇರೆ ಕಡೆ ಹೋಗಿದೆ: ಬ್ರಯನ್ ಜೋಸೆಫ್‌ಸನ್ 1962ರಲ್ಲಿ ಊಹಿಸಿದ ಪರಿಣಾಮವೇ ಇಂದು ಅದಕ್ಕೆ ಆಧಾರ. ಆದರೆ ಅದಕ್ಕೆ ಅತಿಶೀತಲ ಯಂತ್ರಗಳು ಬೇಕು. 1989ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಹೊರತಂದ 3458ಎ ಮಾಪಕವನ್ನು ಬಿಚ್ಚಿ ನೋಡಿದರೆ, ಒಳಗೆ ಬಿಸಿಯಾಗಿ ಕುಳಿತಿರುವುದು ಎಲ್‌ಟಿಝಡ್1000.