ಕಸದ ರೈಲಿನ ದಾರಿಯಲ್ಲಿ

ಹಾರ್ಬರ್ ಲೈನಿನಲ್ಲಿ ದಿನಾ ನೇತಾಡಿಕೊಂಡು ಹೋಗುವವರಲ್ಲೂ ಎಷ್ಟೋ ಜನಕ್ಕೆ ಇದು ಗೊತ್ತಿರಲಿಕ್ಕಿಲ್ಲ. ಕುರ್ಲಾದಿಂದ ಚೆಂಬೂರಿಗೆ ಹಳಿ ಹಾಕಿದ್ದು 1906ರಲ್ಲಿ. ಅದರ ಮೇಲೆ ಮೊದಲು ಓಡಿದ್ದು ಜನ ಅಲ್ಲ, ಮುಂಬಯಿಯ ಕಸ! ಪ್ರಯಾಣಿಕರಿಗೆ ಆ ದಾರಿ ತೆರೆದದ್ದು 1924ರಲ್ಲಿ. ಮತ್ತೆ ಮೂರು ವರ್ಷಕ್ಕೆ, 1927ರಲ್ಲಿ, ದೇವನಾರ್ ಡಂಪಿಂಗ್ ಗ್ರೌಂಡ್ ಶುರುವಾಯಿತು. ಆಗ ಅದು ಊರಾಚೆಯ ಜೌಗು ನೆಲ.

'ಕಸ ಮೊದಲೇ ಇತ್ತಲ್ಲ, ಗೊತ್ತಿದ್ದೂ ಅಲ್ಲಿಗೆ ಹೋಗಿ ಈಗ ಹೊಗೆ ಅಂತ ಅತ್ತರೆ ಹೇಗೆ?' ಅಂತ ಕೇಳುವವರು ನಮ್ಮ ನಡುವೆಯೇ ಇದ್ದಾರೆ. ಅವರೆಲ್ಲ ಇಷ್ಟಪಟ್ಟು ಹೋದವರೇ? 1970ರ ದಶಕದಲ್ಲಿ ಊರೊಳಗಿನ ಜೋಪಡಿಗಳನ್ನು ಕೆಡವಿ, ಆ ಜನರನ್ನು ದೇವನಾರಿನ ಪಕ್ಕದ ಶಿವಾಜಿನಗರ, ಬೈಂಗನ್‌ವಾಡಿಗಳಿಗೆ ಸಾಗಿಸಿದ್ದು ಆಡಳಿತವೇ. 1976ರಲ್ಲಿ ಅಣುಶಕ್ತಿ ಕೇಂದ್ರಕ್ಕೆ ಜಾಗ ಬೇಕೆಂದು ಜನತಾ ಕಾಲನಿಯನ್ನು ಎಬ್ಬಿಸಿ ಚೀತಾ ಕ್ಯಾಂಪಿಗೆ ಕಳಿಸಿದ್ದೂ ಸರ್ಕಾರವೇ. ತಾನೇ ತಂದು ಕೂರಿಸಿದವರನ್ನು 'ಇಲ್ಲಿಗೆ ಯಾಕೆ ಬಂದಿರಿ' ಅಂತ ಕೇಳುವ ಹಕ್ಕು ಅದಕ್ಕಿಲ್ಲ.

2016ರ ಜನವರಿಯ ಕೊನೆಯಲ್ಲಿ ಆ ಗುಡ್ಡ ಹೊತ್ತಿಕೊಂಡಿತು. ಹೊಗೆ ನಾಸಾದ ಉಪಗ್ರಹ ಚಿತ್ರದಲ್ಲೂ ಕಂಡಿತು. ಸುತ್ತಲ ಎಪ್ಪತ್ತಕ್ಕೂ ಹೆಚ್ಚು ಪಾಲಿಕೆ ಶಾಲೆಗಳಿಗೆ ರಜೆ. ಚೆಂಬೂರಿನಲ್ಲಿ ನಮ್ಮ ಕನ್ನಡದವರ ಮನೆಗಳೂ ಬೇಕಾದಷ್ಟಿವೆ, ಹೊಗೆ ಭಾಷೆ ನೋಡಿ ಒಳಗೆ ಬರುವುದಿಲ್ಲ. ಕಸವನ್ನು ಬಯಲಲ್ಲಿ ಉರಿಯಲು ಬಿಡುವ ಬದಲು ಒಲೆಯಲ್ಲಿ ಸುಟ್ಟು ಕರೆಂಟು ಮಾಡೋಣ ಎಂಬ ಮಾತಿಗೆ ಬಲ ಬಂತು. 2020ರಲ್ಲಿ ದಿನಕ್ಕೆ 600 ಟನ್ ಸುಡುವ ಸ್ಥಾವರದ ಗುತ್ತಿಗೆ ಚೆನ್ನೈನ ಕಂಪನಿಗೆ ಹೋಯಿತು. ಆಮೇಲೆ ಗಡುವು ಮುಂದೆ ಹೋಗುತ್ತಲೇ ಬಂತು.

ಒಲೆ ಒಳ್ಳೆಯದೇ, ಸರಿಯಾಗಿ ಉರಿದರೆ. ಆದರೆ ನಮ್ಮ ಕಸದ ಚರಿತ್ರೆ ಬೇರೆ. 1987ರಲ್ಲಿ ದೆಹಲಿಯ ತಿಮಾರಪುರದಲ್ಲಿ ಡೆನ್ಮಾರ್ಕಿನ ತಂತ್ರಜ್ಞಾನದ ಇಂಥದೇ ಸ್ಥಾವರ ಕಟ್ಟಿದರು. ಓಡಿದ್ದು ಬರೀ 21 ದಿನ! ನಮ್ಮ ಕಸದಲ್ಲಿ ಅಲ್ಲಿಯವರು ಎಣಿಸಿದ ಕಾವು ಇರಲಿಲ್ಲ. ತರಕಾರಿ ಸಿಪ್ಪೆ, ಅನ್ನ, ಮಣ್ಣು, ನೀರು... ಇದೆಲ್ಲ ಹೇಗೆ ಉರಿದೀತು?

ಇಲ್ಲಿ ಬರೀ ಕರೆಂಟಿನ ಪ್ರಶ್ನೆ ಅಲ್ಲ. ಒಲೆಯ ಅನಿಲ 850 ಡಿಗ್ರಿಗೂ ಮೇಲೆ ಕನಿಷ್ಠ ಎರಡು ಸೆಕೆಂಡು ಇರಬೇಕು. ಒದ್ದೆ ಕಸ ಬಿದ್ದು ಕಾವು ಇಳಿದರೆ, ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ಕಿನಿಂದ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಈಗ ನಮ್ಮ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಆ ಮಳೆಯಲ್ಲಿ ಮುಂಬಯಿಯ ಕಸ ಎಷ್ಟು ಒಣಗಿರುತ್ತದೆ ಅಂತ ನಾನು ಹೇಳಬೇಕೇ?

ಕಾನೂನು ಮೆಲ್ಲಗೆ ಬಂತು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2000ದಲ್ಲಿ ಕಸದ ನಿಯಮಗಳಾದವು. ಅವುಗಳಲ್ಲಿ ಚಿಮಣಿಯ ದೂಳಿಗೆ ಘನ ಮೀಟರಿಗೆ 150 ಮಿಲಿಗ್ರಾಂ ಮಿತಿ ಇತ್ತು. ಡಯಾಕ್ಸಿನ್ನಿನ ಮಾತೇ ಇರಲಿಲ್ಲ. 2016ರ ನಿಯಮ ದೂಳನ್ನು 50ಕ್ಕೆ ಇಳಿಸಿತು, ಡಯಾಕ್ಸಿನ್ನಿಗೆ 0.1 ನ್ಯಾನೋಗ್ರಾಂ ಮಿತಿ ಹಾಕಿತು. ಯುರೋಪಿನ ಮಿತಿಯೂ ಅಷ್ಟೇ. ಕಾಗದದಲ್ಲಿ ನಾವು ಯಾರಿಗೂ ಕಮ್ಮಿ ಇಲ್ಲ ನೋಡಿ!

ತೊಡಕು ಇರುವುದು ಅಳತೆಯಲ್ಲಿ. ದೂಳನ್ನು ಯಂತ್ರ ಕ್ಷಣಕ್ಷಣಕ್ಕೂ ಅಳೆದೀತು. ಡಯಾಕ್ಸಿನ್ನಿಗೆ ಆರೆಂಟು ಗಂಟೆ ಅನಿಲ ಹಿಡಿದು ಪ್ರಯೋಗಾಲಯಕ್ಕೆ ಕಳಿಸಬೇಕು. ಯಾವ ದಿನ ಹಿಡಿಯುತ್ತಾರೆ? ಬೇಸಿಗೆಯ ಒಣ ದಿನ ನೋಡಿ ಹಿಡಿದರೆ ಯಾವ ಸ್ಥಾವರವೂ ಪಾಸಾದೀತು.

ಗೋವಂಡಿಯವರಿಗೆ ಚಿಮಣಿ ಹೊಸದಲ್ಲ. 2009ರಿಂದ ಆಸ್ಪತ್ರೆಗಳ ತ್ಯಾಜ್ಯ ಸುಡುವ ಘಟಕವೊಂದು ಅಲ್ಲಿ ನಡೆಯುತ್ತಿತ್ತು. ಅದನ್ನು ಎರಡು ವರ್ಷದೊಳಗೆ ಖಾಲಾಪುರದ ಕಡೆಗೆ ಸಾಗಿಸಿ ಎಂದು ಬಾಂಬೆ ಹೈಕೋರ್ಟ್ ಹೇಳಿದ್ದು 2023ರಲ್ಲಿ, ಹದಿನಾಲ್ಕು ವರ್ಷ ಕಳೆದ ಮೇಲೆ. ದೇವನಾರಿನ ಚಿಮಣಿಗೂ ಅಷ್ಟು ಕಾಯಬೇಕೇ? ಮಳೆಗಾಲದಲ್ಲೇ, ಮುನ್ಸೂಚನೆ ಕೊಡದೆ, ಹೊರಗಿನವರು ಬಂದು ಅನಿಲ ಹಿಡಿಯಲಿ. ಬಂದ ಅಂಕಿಯನ್ನು ಗೋವಂಡಿ ಸ್ಟೇಷನ್ನಿನ ಹೊರಗೆ ಮರಾಠಿ, ಹಿಂದಿ, ಉರ್ದುವಿನಲ್ಲಿ ಬರೆದು ಹಾಕಲಿ.