ಮರೆತ ಕೈಗೆ ಮರಳಿ ಪಾಠ

ರಾಯಚೂರು ಸೀಮೆಯಲ್ಲಿ ಪಾರ್ಶ್ವವಾಯುವಿಗೆ ಲಕ್ವ ಎನ್ನುತ್ತಾರೆ. ‘ಲಕ್ವ ಹೊಡೆಯಿತು’ ಎಂಬ ಮಾತಿನಲ್ಲಿಯೇ ಇನ್ನೆಲ್ಲ ಮುಗಿಯಿತೆಂಬ ಧ್ವನಿ ಅಡಗಿರುತ್ತದೆ. ವೈದ್ಯಶಾಸ್ತ್ರವೂ ಬಹುಕಾಲ ಇದಕ್ಕಿಂತ ಹೆಚ್ಚು ಆಶಾವಾದಿಯಾಗಿರಲಿಲ್ಲ. ಸತ್ತ ನರಕೋಶ ಮರಳಿ ಹುಟ್ಟದು. ಆದುದರಿಂದ ಹೋದ ಕೈ ಹೋದಂತೆಯೇ ಎಂದು ನಂಬಿದ್ದ ಕಾಲವದು.

ಈ ನಂಬಿಕೆಯನ್ನು ಸಡಿಲಿಸಿದವರಲ್ಲಿ ಅಮೆರಿಕದ ಎಡ್ವರ್ಡ್ ಟೌಬ್ ಮುಖ್ಯರು. ಬಲಗುಂದಿದ ಕೈಯನ್ನು ಎತ್ತಲು ಹೋಗಿ ಮತ್ತೆ ಮತ್ತೆ ಸೋತ ಜೀವಿ, ಆ ಕೈಯನ್ನು ಬಳಸದಿರುವುದನ್ನೇ ಕಲಿತುಬಿಡುತ್ತದೆ ಎಂದು ಅವರು ಕಂಡುಕೊಂಡರು. ಹಾಗಿದ್ದರೆ ಗಟ್ಟಿ ಕೈಗೆ ಚೀಲ ತೊಡಿಸಿ, ಸೋತ ಕೈಯಿಂದಲೇ ದುಡಿಸಿದರೇನು? 2006ರಲ್ಲಿ ಪ್ರಕಟವಾದ, 222 ರೋಗಿಗಳ ಪರೀಕ್ಷೆಯೊಂದರಲ್ಲಿ ಎರಡು ವಾರದ ಇಂಥ ದುಡಿಮೆಯ ಫಲ ಒಂದು ವರ್ಷದ ಬಳಿಕವೂ ಉಳಿದಿತ್ತು.

ನಮ್ಮ ಮನೆಗಳಲ್ಲಿ ನಡೆಯುವುದು ಇದರ ವಿರುದ್ಧ. ಹಿರಿಯರಿಗೆ ತುತ್ತು ಕಲಸಿ ಬಾಯಿಗಿಡುವುದು ಸೊಸೆಯ ಭಕ್ತಿ, ಮೊಮ್ಮಗಳ ಅಕ್ಕರೆ. ಜೋಳದ ರೊಟ್ಟಿ ಮುರಿಯುವುದಕ್ಕಿಂತ ಒಳ್ಳೆಯ ವ್ಯಾಯಾಮ ಬೆರಳಿಗೆ ಯಾವುದಿದೆ? ಅಕ್ಕರೆಯಿಂದ ನಾವು ಅದನ್ನೇ ಕಿತ್ತುಕೊಳ್ಳುತ್ತೇವೆ. ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ಮಾನ್ವಿಯ ಜಗನ್ನಾಥದಾಸರಿಗೆ ತಮ್ಮ ಆಯುಷ್ಯದ 40 ವರ್ಷಗಳನ್ನು ಧಾರೆಯೆರೆದರೆಂಬ ಐತಿಹ್ಯವುಂಟು. ಲಕ್ವ ಹೊಡೆದವರ ಮನೆಯ ಹೆಂಗಸರು ಅಂಥ ದಾನವನ್ನು ಸದ್ದಿಲ್ಲದೆ ಮಾಡುತ್ತಲೇ ಇದ್ದಾರೆ. ಆದರೆ ದಾನ ಮಾತ್ರ ಸಾಲದು. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನೊಳಗೊಂಡು ನಡೆದು, 2017ರಲ್ಲಿ ಪ್ರಕಟವಾದ ‘ಅಟೆಂಡ್’ ಪರೀಕ್ಷೆಯಲ್ಲಿ ಮನೆಯವರಿಗೇ ವ್ಯಾಯಾಮ ಕಲಿಸಿಕೊಡಲಾಗಿತ್ತು. ಆರು ತಿಂಗಳ ಬಳಿಕ ಹೆಚ್ಚಿನ ಚೇತರಿಕೆಯೇನೂ ಕಾಣಲಿಲ್ಲ.

ಈ ಕೊರತೆಯನ್ನು ಗಣಕಯಂತ್ರ ತುಂಬೀತೆ? ತೋಳನ್ನು ಹಿಡಿದು ನಡೆಸುವ ಯಂತ್ರವೊಂದನ್ನು ಅಮೆರಿಕದ ಎಂ.ಐ.ಟಿ. 1990ರ ದಶಕದಲ್ಲಿಯೇ ರೋಗಿಗಳ ಮೇಲೆ ಪ್ರಯೋಗಿಸಿತ್ತು. ಅದು ಮನೆಗೆ ತರುವ ವಸ್ತುವಲ್ಲ. ಆಮೇಲೆ ಪರದೆಯ ಆಟಗಳು ಬಂದವು. 2016ರಲ್ಲಿ 141 ರೋಗಿಗಳ ಪರೀಕ್ಷೆಯೊಂದು ಆ ಆಟಗಳನ್ನು ಇಸ್ಪೀಟು, ಡಾಮಿನೋಗಳೊಡನೆ ಹೋಲಿಸಿತು. ಎರಡೂ ಸಮ! ನಮ್ಮ ಕಟ್ಟೆಯ ಚೌಕಾಬಾರಕ್ಕೂ ಇದರಲ್ಲಿ ಪಾಲಿದೆಯೆಂದು ನಾನು ಹೆಮ್ಮೆಪಟ್ಟೆ.

ಹಾಗೆಂದು ಗಣಕವನ್ನು ತಳ್ಳಿಹಾಕುವಂತಿಲ್ಲ. 2019ರಲ್ಲಿ ಪ್ರಕಟವಾದ ಅಮೆರಿಕದ ಮತ್ತೊಂದು ಪರೀಕ್ಷೆಯಲ್ಲಿ 124 ರೋಗಿಗಳ ಪೈಕಿ ಕೆಲವರು ಮನೆಯಲ್ಲಿ ಗಣಕದ ಮುಂದೆ, ಉಳಿದವರು ಚಿಕಿತ್ಸಾಲಯದಲ್ಲಿ, ತಲಾ 36 ಸಲ ಅಭ್ಯಾಸ ಮಾಡಿದರು. ಮನೆಯವರು ಹಿಂದೆ ಬೀಳಲಿಲ್ಲ. ಅಲ್ಲಿ ದೂರದಿಂದಲೇ ನೋಡಿ, ತಿದ್ದಿ, ಪಾಠ ಬದಲಿಸುವ ಚಿಕಿತ್ಸಕರಿದ್ದರು. ನನ್ನ ದೃಷ್ಟಿಯಲ್ಲಿ ಗಣಕ ಹೊತ್ತು ತಂದದ್ದು ಆ ಬಲ್ಲವರ ಕಣ್ಣನ್ನು.

ನಮಗೆ ಬೇಕಾದುದೂ ಅದೇ. ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ದೇವದುರ್ಗ, ಮಾನ್ವಿಗಳು ಅಲ್ಲಿಂದ ಹೆಚ್ಚುಕಡಿಮೆ 50 ಕಿಲೋಮೀಟರು. ಅರ್ಧ ದೇಹ ಸ್ವಾಧೀನದಲ್ಲಿಲ್ಲದವರನ್ನು ಬಸ್ಸಿಗೆ ಹತ್ತಿಸಿ ಕರೆದೊಯ್ಯಲು ಜೊತೆಗೊಬ್ಬರು ಕೂಲಿ ಬಿಡಬೇಕು. ಒಮ್ಮೆ ಹೋದಾರು, 36 ಸಲ? ಮನೆಯಲ್ಲಿರುವ ಫೋನೂ ಗಣಕಯಂತ್ರವೇ. ಚೆನ್ನೈನಲ್ಲಿ ‘ಕೇರ್ ಫಾರ್ ಸ್ಟ್ರೋಕ್’ ಎಂಬ ಹೆಸರಿನಲ್ಲಿ ವ್ಯಾಯಾಮದ ಚಲಚ್ಚಿತ್ರಗಳನ್ನು ಫೋನಿಗೆ ತಂದವರಿಗೆ ಎದುರಾದ ತೊಡಕುಗಳಲ್ಲಿ ಅಂತರ್ಜಾಲದ ಸಂಪರ್ಕವೂ ಒಂದು. ನಮ್ಮ ಹಳ್ಳಿಗಳಲ್ಲಿ ಅದು ಇನ್ನೂ ಕಾಡೀತು. ಚಿತ್ರಗಳು ಫೋನಿನಲ್ಲಿಯೇ ಉಳಿಯುವಂತಿರಬೇಕು, ಮಾತು ಈ ಕಡೆಯ ಕನ್ನಡವಾಗಿರಬೇಕು, ವಾರಕ್ಕೊಮ್ಮೆಯಾದರೂ ಚಿಕಿತ್ಸಕರು ಆ ಕೈಯನ್ನು ಕಾಣಬೇಕು. ಚಮಚದ ಪಾಠ ಆಮೇಲಾಗಲಿ. ಮೊದಲು ರೊಟ್ಟಿ ಮುರಿಯುವುದನ್ನು ಕಲಿಸಲಿ.