ರಾಗಿಯ ಹಿಟ್ಟು, ಗೋಧಿಯ ಧೂಳು

ಮಾಗಡಿಯ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಕೇಳಿದಳು: "ಮೇಷ್ಟ್ರೇ, ಮಗಳಿಗೆ ಸೀಲಿಯಾಕ್ ರೋಗವಂತೆ, ಗೋಧಿ ಸೋಕಬಾರದಂತೆ. ರಾಗಿ ಬಿಸ್ಕತ್ತು ಕೊಡಬಹುದೇ?" ಪೊಟ್ಟಣದ ಹಿಂಬದಿಯನ್ನು ಓದಿಸಿದೆ. ಮೊದಲ ಪದಾರ್ಥವೇ ಮೈದಾ!

ರಾಗಿಯಲ್ಲಿ ಗ್ಲುಟನ್ ಇಲ್ಲ. ಅದಕ್ಕೇ ರೊಟ್ಟಿಯ ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ ತಟ್ಟುತ್ತೇವೆ. ಚಪಾತಿಯಂತೆ ಎಳೆದರೆ ಹರಿದುಹೋಗುತ್ತದೆ. ಆಫ್ರಿಕಾದ ಎತ್ತರದ ನಾಡುಗಳಿಂದ ಬಂದ ಈ ಧಾನ್ಯ ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರಗಳ ಕೆಮ್ಮಣ್ಣಿನಲ್ಲಿ ಬೇರೂರಿತು. ಕನಕದಾಸರು 'ರಾಮಧಾನ್ಯಚರಿತ್ರೆ'ಯಲ್ಲಿ ಅಕ್ಕಿಯೆದುರು ಇದನ್ನೇ ಗೆಲ್ಲಿಸಿದರು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತ, ಆಫ್ರಿಕಾಗಳ ತಳಿಗಳನ್ನು ಕೂಡಿಸಿ 'ಇಂಡಾಫ್' ರಾಗಿಯನ್ನು ರೂಪಿಸಿದರು. ಇಷ್ಟೆಲ್ಲ ಪಾಠ ಮಾಡಿದ ನಾನು, ಗೋಧಿಯೂ ಒಬ್ಬರಿಗೆ ವಿಷವಾದೀತೆಂದು ಎಂದೂ ಹೇಳಿಕೊಟ್ಟಿರಲಿಲ್ಲ.

ಅದನ್ನು ಜಗತ್ತು ಅರಿತದ್ದೂ ಹಸಿವಿನ ಕಾಲದಲ್ಲೇ. ಡಚ್ ವೈದ್ಯ ವಿಲೆಮ್ ಡಿಕೆ ಗೋಧಿಯನ್ನು ಮೊದಲೇ ಶಂಕಿಸಿದ್ದರು. 1944-45ರ ಕ್ಷಾಮದ ಚಳಿಗಾಲದಲ್ಲಿ ಬ್ರೆಡ್ ಸಿಗದಾಗ ರೋಗಿ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮರಳಿದೊಡನೆ ಮತ್ತೆ ನರಳಿದರು.

2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದ ಸಡಗರದಲ್ಲಿ ರಾಗಿಯ ಪೊಟ್ಟಣಗಳು ಅಂಗಡಿಗಳಲ್ಲಿ ಮೆರೆದವು. ಆದರೆ 'ರಾಗಿ' ಎಂಬ ಹೆಸರೇ ಬೇರೆ, 'ಗ್ಲುಟನ್ ರಹಿತ' ಎಂಬ ಮುದ್ರೆಯೇ ಬೇರೆ. ಆ ಮುದ್ರೆಗೆ ನಮ್ಮ ಕಾನೂನು ಕಿಲೋಗೆ 20 ಮಿಲಿಗ್ರಾಂ ಗ್ಲುಟನ್ನಿನ ಮಿತಿ ಇಟ್ಟಿದೆ. ಊರಿನ ಗಿರಣಿಯಲ್ಲೋ, ಗೋಧಿ ಬೀಸಿದ ಕಲ್ಲಿನಲ್ಲೇ ನಮ್ಮ ರಾಗಿಯನ್ನೂ ಸುರಿಯುತ್ತಾರೆ! ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದಳು.

ಮರುವಾರ ಮತ್ತೆ ಕರೆ ಬಂತು. ಅಜ್ಜಿಯ ಬೀಸುವ ಕಲ್ಲು ಹಿತ್ತಲಲ್ಲಿತ್ತಂತೆ. ಅದರಲ್ಲಿ ರಾಗಿಯ ಹೊರತು ಬೇರೇನೂ ಬೀಸಿದ್ದಿಲ್ಲವಂತೆ. ತೊಳೆದು ಒಣಗಲು ಇಟ್ಟಿದ್ದಳು.